ಮೂರೂವರೆ ಸಾವಿರ ಪದಗಳೂ ಒಂದು ಉದ್ದ ವಾಕ್ಯವೂ

2024ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯನ್ನು ಕರೆದುಕೊಂಡು ಮನೆಗೆ ಬಂದ. ತಂದೆಯವರದು ಊರಿನಲ್ಲಿ ಹಿಟ್ಟಿನ ಗಿರಣಿ. ಹುಡುಗ ಹತ್ತನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವನು. ಅಮೆರಿಕದಲ್ಲಿ ಎಂ.ಎಸ್. ಮಾಡಬೇಕೆಂಬ ಆಸೆಯಿಂದ ಹಿಂದಿನ ನವೆಂಬರಿನಲ್ಲಿ ಜಿ.ಆರ್.ಇ. ಪರೀಕ್ಷೆ ಬರೆದಿದ್ದ.

“ಮೇಷ್ಟ್ರೇ, ಲೆಕ್ಕದಲ್ಲಿ 166 ಬಂದಿದೆ, ಇಂಗ್ಲಿಷಿನಲ್ಲಿ 141. ನೂರರ ಮೇಲೆ ನಲವತ್ತೊಂದು ಬಂದರೂ ಇವನು ಊಟ ಬಿಟ್ಟು ಕೂತಿದ್ದಾನಲ್ಲ!” ಎಂದರು ತಂದೆ.

ಅವರ ತಪ್ಪಲ್ಲ. ಈ ಪರೀಕ್ಷೆಯ ಅಂಕ ಸೊನ್ನೆಯಿಂದ ಶುರುವಾಗುವುದಿಲ್ಲ, 130ರಿಂದ ಶುರುವಾಗಿ 170ಕ್ಕೆ ಮುಗಿಯುತ್ತದೆ. ತೀರಾ ಕೆಳಗಿನ ಅಂಕವೇ 130 ಎಂದ ಮೇಲೆ 141 ಎಂದರೆ ನಲವತ್ತು ಮೆಟ್ಟಿಲುಗಳಲ್ಲಿ ಹನ್ನೊಂದನ್ನು ಹತ್ತಿದಂತೆ. ಲೆಕ್ಕದಲ್ಲಿ ಮೂವತ್ತಾರು ಮೆಟ್ಟಿಲು ಹತ್ತಿದ ಹುಡುಗನಿಗೆ ಇದು ಅವಮಾನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಯ ಶುಲ್ಕವೇ ಇಪ್ಪತ್ತು ಸಾವಿರ ರೂಪಾಯಿಗೂ ಹೆಚ್ಚು. ಗಿರಣಿಯ ಆದಾಯದಲ್ಲಿ ಅದನ್ನು ಎರಡನೆಯ ಸಲ ಕಟ್ಟಬೇಕೋ ಬೇಡವೋ ಎಂದು ಕೇಳಲು ಅವರು ಬಂದಿದ್ದರು.

ನಾನು ಇಂಗ್ಲಿಷ್ ಮೇಷ್ಟ್ರಲ್ಲ, ವಿಜ್ಞಾನ ಹೇಳಿಕೊಡುವವನು. ಆದರೂ ಹುಡುಗ ಹೇಗೆ ಓದಿದ್ದಾನೆಂದು ನೋಡೋಣವೆಂದು ಅವನ ನೋಟ್‌ಬುಕ್ ತರಿಸಿದೆ. ಎರಡು ದಪ್ಪ ಪುಸ್ತಕಗಳ ತುಂಬ ಪದಗಳು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅರ್ಥ. ಯಾವುದನ್ನು ಕೇಳಿದರೂ ಗಿಳಿಯಂತೆ ಒಪ್ಪಿಸುತ್ತಿದ್ದ. ಆಮೇಲೆ ಅಂದಿನ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಿಂದ ನಾಲ್ಕು ಸಾಲಿನ ಒಂದು ವಾಕ್ಯ ತೋರಿಸಿ, “ಇದರಲ್ಲಿ ಯಾರು ಏನು ಮಾಡಿದರು ಹೇಳು” ಎಂದೆ. ಒಂದೊಂದು ಪದದ ಅರ್ಥವೂ ಅವನಿಗೆ ಗೊತ್ತಿತ್ತು. ಯಾರು ಏನು ಮಾಡಿದರೆಂಬುದು ಮಾತ್ರ ಹತ್ತು ನಿಮಿಷವಾದರೂ ಹೊಳೆಯಲಿಲ್ಲ.

ಹಳೆಯ ಪುಸ್ತಕದ ನೆರಳು

ನಾನು ಬಿ.ಎಸ್ಸಿ. ಓದುತ್ತಿದ್ದ ಕಾಲದಲ್ಲಿ ಜಿ.ಆರ್.ಇ. ಎಂದರೆ ಬ್ಯಾರನ್ಸ್ ಪುಸ್ತಕ, ಬ್ಯಾರನ್ಸ್ ಎಂದರೆ ಅದರ ಮೂರೂವರೆ ಸಾವಿರ ಪದಗಳ ಪಟ್ಟಿ. ಹಾಸ್ಟೆಲಿನಲ್ಲಿ ಒಂದೇ ಪ್ರತಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಹೋಗಿರುತ್ತಿತ್ತು. ಆಗ ಆ ಪಟ್ಟಿಗೆ ಬೆಲೆಯೂ ಇತ್ತು. ಒಂದು ಪದ ಕೊಟ್ಟು ಅದರ ವಿರುದ್ಧಾರ್ಥ ಯಾವುದೆಂದು ಕೇಳುವುದು, ಒಂದು ಜೋಡಿ ಕೊಟ್ಟು ಅದೇ ಸಂಬಂಧವುಳ್ಳ ಇನ್ನೊಂದು ಜೋಡಿ ಹುಡುಕಿಸುವುದು, ಇಂಥ ಪ್ರಶ್ನೆಗಳು ಪರೀಕ್ಷೆಯಲ್ಲಿದ್ದವು. ಪದ ಗೊತ್ತಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ.

2011ರ ಆಗಸ್ಟಿನಲ್ಲಿ ಆ ಎರಡು ಬಗೆಯ ಪ್ರಶ್ನೆಗಳನ್ನೂ ತೆಗೆದುಹಾಕಿದರು. 200ರಿಂದ 800ರವರೆಗಿದ್ದ ಅಂಕಪದ್ಧತಿ 130–170 ಆದದ್ದೂ ಆಗಲೇ. 2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯನ್ನು ಇನ್ನೂ ಮೊಟಕುಗೊಳಿಸಿ ಒಟ್ಟು 1 ಗಂಟೆ 58 ನಿಮಿಷಕ್ಕೆ ಇಳಿಸಿದರು. ಈಗ ಇಂಗ್ಲಿಷಿಗೆ ಎರಡು ಭಾಗಗಳು: ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ. ಪ್ರಶ್ನೆಗೆ ಹೆಚ್ಚುಕಡಿಮೆ ಒಂದೂವರೆ ನಿಮಿಷ. ಮೊದಲ ಭಾಗ ಹೇಗೆ ಮಾಡಿದಿರೆಂಬುದನ್ನು ನೋಡಿ ಎರಡನೆಯ ಭಾಗ ಎಷ್ಟು ಕಠಿಣವಾಗಿರಬೇಕೆಂದು ಕಂಪ್ಯೂಟರೇ ತೀರ್ಮಾನಿಸುತ್ತದೆ. ಇದಲ್ಲದೆ ಅರ್ಧ ಗಂಟೆಯ ಒಂದು ಪ್ರಬಂಧ ಬೇರೆ ಇದೆ, ಅದಕ್ಕೆ ಅಂಕವೂ ಪ್ರತ್ಯೇಕ.

ಪ್ರಶ್ನೆಪತ್ರಿಕೆ ಬದಲಾಗಿ ಇಷ್ಟು ವರ್ಷವಾದರೂ ಸಲಹೆ ಬದಲಾಗಿಲ್ಲ. ಅಣ್ಣ ತಮ್ಮನಿಗೆ, ಸೋದರಮಾವ ಅಳಿಯನಿಗೆ ಇಂದಿಗೂ “ಪದ ಬಾಯಿಪಾಠ ಮಾಡು” ಎಂದೇ ಹೇಳುತ್ತಾರೆ. ನನ್ನ ಹುಡುಗ ಆರು ತಿಂಗಳು ಮಾಡಿದ್ದೂ ಅದನ್ನೇ.

ವಾಕ್ಯದ ಬೆನ್ನುಮೂಳೆ

ಕನ್ನಡದಲ್ಲಿ ಯೋಚಿಸುವ ಮಕ್ಕಳಿಗೆ ಇಂಗ್ಲಿಷಿನ ಉದ್ದ ವಾಕ್ಯ ಏಕೆ ಕೈಕೊಡುತ್ತದೆಂಬುದನ್ನು ಅವನ ಜೊತೆ ಕುಳಿತಾಗಲೇ ನಾನೂ ಸರಿಯಾಗಿ ಯೋಚಿಸಿದ್ದು. ನಾವು “ನಿನ್ನೆ ಸಂತೆಯಲ್ಲಿ ಸಿಕ್ಕಿದ ಮುದುಕ” ಎನ್ನುತ್ತೇವೆ. ವಿವರಣೆಯೆಲ್ಲ ಮೊದಲು, ವ್ಯಕ್ತಿ ಆಮೇಲೆ. ಕ್ರಿಯಾಪದವಂತೂ ಕಟ್ಟಕಡೆಗೆ, ಅದು ಬರುವವರೆಗೆ ಕಾದರೆ ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಮುದುಕ ಮೊದಲೇ ಬಂದುಬಿಡುತ್ತಾನೆ. ಯಾವ ಮುದುಕ, ಎಲ್ಲಿ ಸಿಕ್ಕಿದ, ಯಾವಾಗ ಎಂಬ ಬಾಲ ಹಿಂದೆ ಬೆಳೆಯುತ್ತದೆ. ಬಾಲ ಮುಗಿದ ಮೇಲೆ ಮುದುಕ ಮಾಡಿದ್ದೇನೆಂಬ ಕ್ರಿಯಾಪದ. ಅಷ್ಟು ಹೊತ್ತಿಗೆ ನಮ್ಮ ಹುಡುಗ ಮುದುಕನನ್ನೇ ಮರೆತಿರುತ್ತಾನೆ.

ಪರೀಕ್ಷೆಯಲ್ಲಿ ಬರುವ ವಾಕ್ಯದ ಧಾಟಿಯನ್ನು ಕನ್ನಡದಲ್ಲಿ ತೋರಿಸುವುದಾದರೆ ಹೀಗೆ: “ಆ ವಾದ, ಹಿಂದಿನ ಪೀಳಿಗೆಯ ಅನೇಕ ಭೂವಿಜ್ಞಾನಿಗಳು ಒಪ್ಪಿದ್ದು, ಖಂಡಗಳು ಕದಲುವುದಿಲ್ಲ ಎನ್ನುವಂಥದು, ವೆಗೆನರ್ 1912ರಲ್ಲಿ ಪ್ರಶ್ನಿಸಿದ ಮೇಲೂ ದಶಕಗಳ ಕಾಲ ಅಲುಗಾಡದಿದ್ದದ್ದು, ಕೊನೆಗೆ ಬಿದ್ದುಹೋಯಿತು.” ಇದರ ಬೆನ್ನುಮೂಳೆ ಎರಡೇ ಮಾತು: ವಾದ ಬಿದ್ದುಹೋಯಿತು. ಉಳಿದದ್ದೆಲ್ಲ ಪಕ್ಕೆಲುಬು.

ಹುಡುಗನಿಗೆ ನಾನು ಕೊಟ್ಟ ಕೆಲಸ ಇಷ್ಟೇ. ದಿನವೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ಅತಿ ಉದ್ದವಾದ ಐದು ವಾಕ್ಯ ಹುಡುಕಿ, ಕೆಂಪು ಪೆನ್ಸಿಲಿನಿಂದ ಕರ್ತೃವಿಗೂ ಮುಖ್ಯ ಕ್ರಿಯಾಪದಕ್ಕೂ ಗೆರೆ ಎಳೆಯುವುದು. ಆಮೇಲೆ ಆ ವಾಕ್ಯವನ್ನು ಒಂದು ಸಾಲಿನ ಕನ್ನಡದಲ್ಲಿ ಬರೆಯುವುದು. “ಸರ್, ಇದು ಫ್ರೀ ಬಾಡಿ ಡಯಾಗ್ರಾಂ ಹಾಕಿದ ಹಾಗೆ” ಎಂದ ಮೂರನೆಯ ದಿನ. ಎಂಜಿನಿಯರಲ್ಲವೇ! ಯಂತ್ರದಿಂದ ಒಂದು ಭಾಗವನ್ನು ಬೇರ್ಪಡಿಸಿ ಅದರ ಮೇಲಿನ ಬಲಗಳನ್ನಷ್ಟೇ ನೋಡುವ ಆ ಅಭ್ಯಾಸ ಅವನಿಗಿತ್ತು, ಅದನ್ನು ವಾಕ್ಯಕ್ಕೆ ತಿರುಗಿಸಿಕೊಂಡ. ಎರಡು ತಿಂಗಳಲ್ಲಿ ಪೆನ್ಸಿಲಿಲ್ಲದೆಯೇ ಕಣ್ಣು ಕ್ರಿಯಾಪದದ ಮೇಲೆ ಹೋಗಿ ನಿಲ್ಲತೊಡಗಿತು.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೂ ಇದೇ ಮದ್ದು. ಖಾಲಿ ಬಿಟ್ಟ ಜಾಗಕ್ಕೆ ಯಾವ ಪದವೆಂದು ಆಯ್ಕೆಗಳ ಕಡೆ ನೋಡುವ ಮೊದಲು ನಿಮ್ಮದೇ ಒಂದು ಪದವನ್ನು, ಬೇಕಾದರೆ ಕನ್ನಡದ್ದನ್ನೇ, ಅಲ್ಲಿ ಇಟ್ಟು ನೋಡಿ. ಅದಕ್ಕೆ ಸುಳಿವು ವಾಕ್ಯದಲ್ಲೇ ಇರುತ್ತದೆ. ‘ಆದರೂ’ ಎಂಬರ್ಥದ ಪದವಿದ್ದರೆ ದಿಕ್ಕು ತಿರುಗುತ್ತದೆ, ‘ಆದ್ದರಿಂದ’ ಎಂದಿದ್ದರೆ ಅದೇ ದಿಕ್ಕು. ನಮ್ಮಲ್ಲಿ ‘ಆದರೂ’ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಇಂಗ್ಲಿಷಿನ ‘ಆಲ್ದೋ’ ಬಹಳ ಸಲ ವಾಕ್ಯದ ಮೊದಲಿಗೇ ಬಂದು ಕುಳಿತಿರುತ್ತದೆ, ಓದುತ್ತ ಹೋದಂತೆ ಮರೆತುಹೋಗುತ್ತದೆ. ಎರಡು ಅಥವಾ ಮೂರು ಖಾಲಿ ಜಾಗಗಳಿದ್ದರೆ ಎಲ್ಲವೂ ಸರಿಯಾದರೆ ಮಾತ್ರ ಅಂಕ, ಅರ್ಧ ಅಂಕವೆಂಬುದಿಲ್ಲ. ಮೊದಲನೆಯ ಜಾಗದಿಂದಲೇ ಶುರುಮಾಡಬೇಕೆಂಬ ಕಟ್ಟಳೆಯೂ ಇಲ್ಲ. ಸುಲಭವಾದದ್ದನ್ನು ಮೊದಲು ತುಂಬಬಹುದು.

ಇನ್ನೊಂದು ಬಗೆಯಲ್ಲಿ ಒಂದೇ ಖಾಲಿ ಜಾಗಕ್ಕೆ ಆರು ಪದ ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ಬರುವಂಥ ಎರಡನ್ನು ಆರಿಸಲು ಹೇಳುತ್ತಾರೆ. ಕನ್ನಡದಲ್ಲಿ ಒಂದು ಉದಾಹರಣೆ ಮಾಡಿ ನೋಡೋಣ. “ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದರೂ ಆಕೆಯ ಮುಖದಲ್ಲಿ ____ ಕಾಣಲಿಲ್ಲ.” ಆಯ್ಕೆಗಳು: ಬೇಸರ, ಸಂತೋಷ, ಆಯಾಸ, ಆನಂದ, ಬೇಜಾರು, ಗರ್ವ. ಸಂತೋಷ–ಆನಂದ ಜೋಡಿಯೇನೋ ಹೌದು, ಆದರೆ ‘ನಿಂತಿದ್ದರೂ’ ಎಂಬುದಕ್ಕೆ ಹೊಂದುವುದಿಲ್ಲ. ಆಯಾಸ ಹೊಂದುತ್ತದೆ, ಆದರೆ ಅದಕ್ಕೆ ಜೋಡಿಯಿಲ್ಲ. ಉತ್ತರ ಬೇಸರ, ಬೇಜಾರು. ಜೋಡಿ ಕಂಡೊಡನೆ ಗುರುತು ಹಾಕಿ ಮುಂದೆ ಹೋಗುವವನನ್ನು ಹಿಡಿಯಲೆಂದೇ ಸಂತೋಷ, ಆನಂದಗಳನ್ನು ಇಟ್ಟಿರುತ್ತಾರೆ.

ಪ್ರಯೋಗಶಾಲೆಯಲ್ಲಿ ಸಿಗುವ ಪದಗಳು

ಹಾಗಾದರೆ ಪದ ಕಲಿಯುವುದು ಬೇಡವೇ? ಬೇಕು. ಮೂರೂವರೆ ಸಾವಿರ ಬೇಡ, ಏಳೆಂಟು ನೂರು ಪದಗಳನ್ನು ಬೇರು ಸಮೇತ ತಿಳಿದರೆ ಸಾಕೆಂಬುದು ನನ್ನ ಅಭಿಪ್ರಾಯ. ವಿಜ್ಞಾನ ಓದಿದ ಮಕ್ಕಳ ಕೈಯಲ್ಲಿ ಅವುಗಳಲ್ಲಿ ಎಷ್ಟೋ ಆಗಲೇ ಇವೆ, ಅವರಿಗೆ ಗೊತ್ತಿಲ್ಲ ಅಷ್ಟೇ.

ಬೇಗ ಆವಿಯಾಗುವ ದ್ರವ ‘ವೊಲಟೈಲ್’. ಲ್ಯಾಟಿನ್ನಿನಲ್ಲಿ ಹಾರು ಎಂಬರ್ಥದ ಧಾತುವಿನಿಂದ ಬಂದ ಪದ. ಕ್ಷಣಕ್ಕೊಂದು ಬಣ್ಣ ತಾಳುವ ಸ್ವಭಾವಕ್ಕೂ, ಯಾವಾಗ ಸಿಡಿಯುತ್ತದೋ ತಿಳಿಯದ ಪರಿಸ್ಥಿತಿಗೂ ಅದೇ ಪದ. ಸುತ್ತಿಗೆಯಿಂದ ಬಡಿದರೆ ತಗಡಾಗುವ ಲೋಹ ‘ಮ್ಯಾಲಿಯಬಲ್’. ಹೇಳಿದ ಹಾಗೆ ಬಾಗುವ ಮನುಷ್ಯನೂ ಮ್ಯಾಲಿಯಬಲ್ಲೇ. ಕುಲುಮೆಯ ಬೆಂಕಿಗೂ ಕರಗದ ಇಟ್ಟಿಗೆ ‘ರಿಫ್ರ್ಯಾಕ್ಟರಿ’, ಯಾರ ಮಾತಿಗೂ ಬಗ್ಗದ ಹಟಮಾರಿಯೂ ರಿಫ್ರ್ಯಾಕ್ಟರಿ. ಪರೀಕ್ಷಾನಾಳದ ತಳಕ್ಕೆ ಇಳಿಯುವುದು ‘ಪ್ರೆಸಿಪಿಟೇಟ್’. ಅದರ ಮೂಲದಲ್ಲಿ ತಲೆಕೆಳಗಾಗಿ ಬೀಳುವ ಅರ್ಥವಿದೆ. ಆದ್ದರಿಂದಲೇ ಹಿಂದುಮುಂದು ನೋಡದೆ ತೆಗೆದುಕೊಂಡ ತೀರ್ಮಾನಕ್ಕೂ ಆ ವಿಶೇಷಣ ಸಲ್ಲುತ್ತದೆ. ಕಾಸ್ಟಿಕ್ ಸೋಡಾ ಕೈ ಸುಡುತ್ತದೆ, ‘ಕಾಸ್ಟಿಕ್’ ಮಾತು ಮನಸ್ಸನ್ನು. ಗುಪ್ತೋಷ್ಣದ ‘ಲೇಟೆಂಟ್’, ಜಡ ಅನಿಲದ ‘ಇನರ್ಟ್’, ಸಂಕೇತ ಕ್ಷೀಣಿಸುವ ‘ಅಟೆನ್ಯುಯೇಟ್’ ಹೀಗೆ ನಮ್ಮ ಹುಡುಗ ತಾನೇ ಹುಡುಕಿ ಬರೆಯತೊಡಗಿದ. ನಾನು ಮೂವತ್ತು ವರ್ಷ ಈ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಹೀಗೆ ಒಂದು ಕಡೆ ಇಟ್ಟು ನೋಡಿರಲಿಲ್ಲ.

ಬೇರು ನಂಬಿ ಮೋಸಹೋಗುವುದೂ ಉಂಟು. ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ‘ಇನ್’ ಎಂದರೆ ‘ಅಲ್ಲ’ ಎಂದುಕೊಂಡು ಬೀಡಿ ಹಚ್ಚಿದರೆ ಮುಗಿಯಿತು! ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡರ ಅರ್ಥವೂ ಒಂದೇ.

ಇದಕ್ಕಿಂತ ಅಪಾಯಕಾರಿ ಎಂದರೆ ಗೊತ್ತಿರುವ ಪದಗಳು. ‘ಕ್ವಾಲಿಫೈಡ್’ ಎಂದರೆ ನಮಗೆಲ್ಲ ಅರ್ಹತೆ ಪಡೆದವನು. ಈ ಪರೀಕ್ಷೆಯ ಗದ್ಯದಲ್ಲಿ ‘ಕ್ವಾಲಿಫೈಡ್’ ಮೆಚ್ಚುಗೆ ಎಂದರೆ ಪೂರ್ತಿಯಲ್ಲದ, ಷರತ್ತುಗಳುಳ್ಳ ಮೆಚ್ಚುಗೆ. ‘ಚೆಕ್’ ಎಂದರೆ ತಡೆಯುವುದು, ‘ವಾಂಟ್’ ಎಂದರೆ ಕೊರತೆ, ‘ಫ್ಲ್ಯಾಗ್’ ಎಂದರೆ ಸೊರಗುವುದು, ‘ಟೆಂಪರ್’ ಎಂದರೆ ಉಕ್ಕನ್ನು ಹದಗೊಳಿಸಿದಂತೆ ತೀವ್ರತೆ ತಗ್ಗಿಸುವುದು. ಪಟ್ಟಿ ಉರುಹೊಡೆಯುವವನು ಇವನ್ನು ನೋಡುವುದೇ ಇಲ್ಲ, ಸುಲಭ ಪದವೆಂದು ಬಿಟ್ಟಿರುತ್ತಾನೆ.

ನೆನಪಿಗೆ ಖರ್ಚಿಲ್ಲದ ಉಪಾಯವೊಂದಿದೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ ಒಂದೊಂದು ಚೀಟಿಗೆ ಒಂದು ಪದ, ಅದರ ಹಿಂದೆ ಅರ್ಥವಲ್ಲ, ಆ ಪದ ಬಂದ ವಾಕ್ಯ. ಚಪ್ಪಲಿ ಡಬ್ಬದಲ್ಲಿ ಮೂರು ಖಾನೆ ಮಾಡಿ, ತಪ್ಪಿದ ಚೀಟಿ ನಾಳೆಗೆ, ಸರಿಹೋದದ್ದು ಮೂರು ದಿನಕ್ಕೆ, ಮತ್ತೆ ಸರಿಹೋದದ್ದು ವಾರಕ್ಕೆ. ಕಲಿತದ್ದು ಮೊದಮೊದಲು ಬೇಗನೆ, ಆಮೇಲೆ ನಿಧಾನವಾಗಿ ಮರೆಯುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದ. ಒಂದೇ ರಾತ್ರಿ ನೂರು ಸಲ ಓದುವುದಕ್ಕಿಂತ ದಿನ ಬಿಟ್ಟು ದಿನ ನೋಡುವುದು ಮೇಲು.

ಗೊತ್ತಿರುವುದೇ ತೊಂದರೆ

ಇಂಗ್ಲಿಷ್ ಪ್ರಶ್ನೆಗಳಲ್ಲಿ ಸುಮಾರು ಅರ್ಧ ಗದ್ಯಭಾಗವನ್ನು ಓದಿ ಉತ್ತರಿಸುವಂಥವು. ಜೀವವಿಜ್ಞಾನ, ಇತಿಹಾಸ, ಕಲೆ, ಸಾಹಿತ್ಯವಿಮರ್ಶೆ ಯಾವುದಾದರೂ ಬರಬಹುದು. ವಿಜ್ಞಾನದ ಹುಡುಗರು ವಿಜ್ಞಾನದ ಗದ್ಯ ಬಂದರೆ ಹಿಗ್ಗುತ್ತಾರೆ, ಎಡವುವುದೂ ಅಲ್ಲೇ. ಗದ್ಯದಲ್ಲಿ ಏನಿದೆಯೆಂದು ನೋಡದೆ ತಮಗೆ ಗೊತ್ತಿದ್ದದ್ದನ್ನು ಉತ್ತರವೆಂದು ಗುರುತು ಹಾಕುತ್ತಾರೆ. ಅಲ್ಲಿ ಕೇಳುವುದು ಸತ್ಯ ಏನೆಂದಲ್ಲ, ಲೇಖಕ ಏನು ಹೇಳಿದ್ದಾನೆಂದು. ಲೇಖಕ ‘ಬಹುಶಃ’ ಎಂದಿದ್ದರೆ ‘ಖಂಡಿತ’ ಎನ್ನುವ ಉತ್ತರ ತಪ್ಪು. ‘ಯಾವಾಗಲೂ’, ‘ಮಾತ್ರ’ ಎಂಬ ಪದಗಳಿರುವ ಆಯ್ಕೆಯನ್ನು ಎರಡು ಸಲ ನೋಡಬೇಕು.

ಸಿಕ್ಕಿಹಾಕಿಕೊಂಡ ಪ್ರಶ್ನೆಗೆ ಗುರುತು ಮಾಡಿ ಮುಂದೆ ಹೋಗಿ, ಆ ಭಾಗದ ಸಮಯ ಮುಗಿಯುವುದರೊಳಗೆ ವಾಪಸು ಬರಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಪರೀಕ್ಷೆ ನಡೆಸುವ ಇ.ಟಿ.ಎಸ್. ಸಂಸ್ಥೆಯೇ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಮೊದಲನೆಯದನ್ನು ತಯಾರಿಯ ಆರಂಭದಲ್ಲೂ ಎರಡನೆಯದನ್ನು ಕೊನೆಯ ಹದಿನೈದು ದಿನಗಳಲ್ಲೂ ಗಡಿಯಾರ ಇಟ್ಟುಕೊಂಡು ಬರೆಯಬೇಕು. ಎರಡನ್ನೂ ಮೊದಲ ವಾರವೇ ಕುತೂಹಲಕ್ಕೆ ಮುಗಿಸಿದವರನ್ನು ನೋಡಿದ್ದೇನೆ.

ತಂದೆತಾಯಿಯರಿಗೆ ಒಂದೆರಡು ಮಾತು. 2020ರ ನಂತರ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಹಲವು ವಿಭಾಗಗಳು ಜಿ.ಆರ್.ಇ.ಯನ್ನು ಕಡ್ಡಾಯವಲ್ಲವೆಂದು ಮಾಡಿವೆ, ಕೆಲವು ಕೇಳುವುದೇ ಇಲ್ಲ. ಕೆಲವು ಮತ್ತೆ ಕೇಳಲು ಶುರುಮಾಡಿವೆ. ಮಗ ಅಥವಾ ಮಗಳು ಅರ್ಜಿ ಹಾಕುವ ವಿಭಾಗ ಈ ವರ್ಷ ಏನು ಕೇಳುತ್ತಿದೆಯೆಂದು ಮೊದಲು ನೋಡಿ, ಆಮೇಲೆ ಹಣ ಕಟ್ಟಿ. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಎಂಜಿನಿಯರಿಂಗ್ ವಿಭಾಗಗಳು ಸಾಮಾನ್ಯವಾಗಿ ಗಣಿತದ ಅಂಕಕ್ಕೇ ಹೆಚ್ಚು ತೂಕ ಕೊಡುತ್ತವೆ. ಇಂಗ್ಲಿಷಿನಲ್ಲಿ 160 ಬರಲಿಲ್ಲವೆಂದು ಮಕ್ಕಳನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಇನ್ನೊಂದು, ನೋಂದಣಿಯಲ್ಲಿ ಕೊಡುವ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡೆ ಇನಿಷಿಯಲ್ಲುಗಳು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಒಂದು ಕಡೆ ಬಿಡಿಸಿ ಬರೆದು ಇರುತ್ತವೆ. ಇದನ್ನು ತಿಂಗಳುಗಳ ಮೊದಲೇ ಸರಿಮಾಡಿಸಿಕೊಳ್ಳಿ.

ಗಿರಣಿಯ ಯಜಮಾನರು ಎರಡನೆಯ ಸಲವೂ ಹಣ ಕಟ್ಟಿದರು. 2024ರ ಜುಲೈನಲ್ಲಿ ಹುಡುಗ ಮತ್ತೆ ಪರೀಕ್ಷೆ ಬರೆದ. ಇಂಗ್ಲಿಷಿನಲ್ಲಿ 153. ಗಣಿತದಲ್ಲಿ ಒಂದು ಅಂಕ ಕಡಿಮೆಯಾಗಿ 165, ಅದಕ್ಕೇನೋ ಅವನಿಗೆ ಬೇಸರ. ಸುದ್ದಿ ಹೇಳಲು ಬಂದ ತಂದೆ, “ಹನ್ನೆರಡು ಮೆಟ್ಟಿಲು ಮೇಲೆ, ಅಲ್ಲವೇ ಮೇಷ್ಟ್ರೇ?” ಎಂದರು. ಚಪ್ಪಲಿ ಡಬ್ಬವನ್ನೂ ಜೊತೆಗೆ ತಂದಿದ್ದರು. ಪಕ್ಕದ ಬೀದಿಯ ಹುಡುಗಿಯೊಬ್ಬಳು ಈ ವರ್ಷ ಬರೆಯುತ್ತಾಳಂತೆ, ಅವಳಿಗೆ ಕೊಡಿ ಎಂದು ನನ್ನ ಮೇಜಿನ ಮೇಲಿಟ್ಟು ಹೋದರು.