ಮೃತ್ಯುಪತ್ರದ ಶೋಧ

ಮೈಸೂರು ಸೀಮೆಯವರು ಉಯಿಲು ಎಂದು ಕರೆಯುವ ಪತ್ರವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯವರು ಮೃತ್ಯುಪತ್ರವೆನ್ನುತ್ತಾರೆ. ಮೊದಲನೆಯದು ಇಂಗ್ಲಿಷ್ ಮಾತು ಕನ್ನಡದ ಉಡುಗೆ ತೊಟ್ಟದ್ದು. ಎರಡನೆಯದು ಮರಾಠಿ ಕಚೇರಿಗಳ ಬಾಗಿಲಿನಿಂದ ಬಂದ ಸಂಸ್ಕೃತ ಶಬ್ದ. 1862ರಲ್ಲಿ ಉತ್ತರ ಕನ್ನಡವು ಮದ್ರಾಸು ಪ್ರಾಂತವನ್ನು ಬಿಟ್ಟು ಮುಂಬಯಿ ಪ್ರಾಂತವನ್ನು ಸೇರಿತು; 1956ರ ನವೆಂಬರ್ 1ರಂದು ಕನ್ನಡಿಗರ ರಾಜ್ಯದಲ್ಲಿ ಒಂದಾಯಿತು. ನಡುವಣ ಆಳಿಕೆ ಮುಗಿದರೂ ಅದರ ಕಾಗದಗಳು ಮುಗಿದಿಲ್ಲ. ಅಜ್ಜನ ಕಾಲದ ಪತ್ರವನ್ನು ಅರಸಹೊರಟವರಿಗೆ ವಾರಸಾ, ಫೇರ್‌ಫಾರು, ಹಿಸ್ಸೆ ಎಂಬ ಮಾತುಗಳು ಇಂದಿಗೂ ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ.

ಆದರೆ ಅರಸಹೊರಡುವವರೇ ವಿರಳ. ಭೈರುಂಬೆಯಂಥ ಅಡಿಕೆತೋಟದ ಊರುಗಳಲ್ಲಿ ಸ್ಥಿತಿವಂತಿಕೆಯ ಆಧಾರವೆಲ್ಲ ತೋಟ, ಮತ್ತು ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವುಂಟು. ಹೀಗಿರುವಲ್ಲಿ ಮೃತ್ಯುಪತ್ರದ ಒಂದು ಸಾಲು ಒಂದು ಸಂಸಾರದ ಮೂರು ತಲೆಮಾರುಗಳ ಅನ್ನವನ್ನು ನಿರ್ಣಯಿಸಬಲ್ಲದು. ಆದರೂ ನಮ್ಮ ಮನೆಗಳಲ್ಲಿ ಅದು ಓದಿದ ಪತ್ರವಲ್ಲ, ಕೇಳಿದ ಮಾತು. “ಅಜ್ಜ ಬರೆದಿಟ್ಟು ಹೋಗಿದ್ದಾರೆ” ಎಂದು ಹಿರಿಯ ಮಗ ಹೇಳುತ್ತಾನೆ; ಉಳಿದವರು ತಲೆಯಾಡಿಸುತ್ತಾರೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು, ಒಳಮನೆಯಲ್ಲಿರುವ ವಿಧವೆಯಾದ ಸೊಸೆ, ಆ ಕಾಗದವನ್ನು ತೋರಿಸಿ ಎಂದರೆ ಅದು ಜಗಳಕ್ಕೆ ನಾಂದಿಯೆಂದು ಎಣಿಕೆ. ಬಾಯಿಮಾತು ಎಂದೂ ಬಲವುಳ್ಳವನ ಪಕ್ಷಪಾತಿ. ಬರಹಕ್ಕೆ ಆ ದಾಕ್ಷಿಣ್ಯವಿಲ್ಲ.

ಮನೆಯ ನಾಗಂದಿಗೆಯ ಮೇಲಿದ್ದ ಪ್ರತಿಯನ್ನು ಗೆದ್ದಲು ತಿಂದಿರಬಹುದು. ಆದರೆ ಮೃತ್ಯುಪತ್ರವು ನೋಂದಣಿಯಾಗಿದ್ದರೆ ಅದರ ನಕಲು ಉಪನೋಂದಣಿ ಕಚೇರಿಯ ಮೂರನೆಯ ಪುಸ್ತಕದಲ್ಲಿ ಸೇರಿರುತ್ತದೆ. 1908ರ ನೋಂದಣಿ ಕಾಯಿದೆಯು ಮೃತ್ಯುಪತ್ರಗಳಿಗೂ ದತ್ತಕದ ಅಧಿಕಾರಪತ್ರಗಳಿಗೂ ಈ ಪುಸ್ತಕವನ್ನು ಮೀಸಲಿಟ್ಟಿದೆ. ಈ ಕಾಯಿದೆಯ 57ನೆಯ ಕಲಮಿನಲ್ಲಿ ಒಂದು ಸೂಕ್ಷ್ಮ ವಿವೇಕವಿದೆ. ಬರೆದವನು ಬದುಕಿರುವವರೆಗೆ ಅವನಿಗೋ ಅವನ ಪ್ರತಿನಿಧಿಗೋ ಹೊರತು ಮತ್ತಾರಿಗೂ ಅದರ ನಕಲು ದೊರೆಯದು; ಸ್ವಂತ ಮಕ್ಕಳಿಗೂ ಇಲ್ಲ. ಅವನು ತೀರಿಕೊಂಡ ಮೇಲೆ, ಅರ್ಜಿ ಕೊಟ್ಟು ಶುಲ್ಕ ತೆತ್ತ ಯಾರಿಗಾದರೂ ಕೊಡಬೇಕು. ಅಣ್ಣನ ಅಪ್ಪಣೆ ಬೇಡ, ದಾಯಾದಿಗಳ ಸಮ್ಮತಿ ಬೇಡ. ಬದುಕಿದವನ ಗುಟ್ಟನ್ನು ಕಾಯ್ದ ಕಾಯಿದೆಯೇ ಸತ್ತವನ ಮಾತನ್ನು ಯಾರೂ ಬಚ್ಚಿಡದಂತೆ ನೋಡಿಕೊಂಡಿದೆ.

ಶೋಧವನ್ನು ಇಂದಿನಿಂದ ಹಿಂದಕ್ಕೆ ನಡೆಸುವುದು ಸುಲಭ. ತೋಟದ ಪಹಣಿಯಲ್ಲಿ, ಈಗಿನ ಒಡೆಯನ ಹೆಸರು ಬಂದ ಬಗೆಯನ್ನು ತಿಳಿಸುವ ಹಕ್ಕುಬದಲಾವಣೆಯ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಹಿಡಿದು ತಹಶೀಲ್ದಾರ ಕಚೇರಿಯ ದಾಖಲೆಕೋಣೆಯಲ್ಲಿ ಫೇರ್‌ಫಾರಿನ ನಕಲನ್ನು ಕೇಳಬೇಕು. ಹೆಸರು ವಾರಸಾದಿಂದ ಬಂತೋ ಮೃತ್ಯುಪತ್ರದಿಂದ ಬಂತೋ ಎಂಬುದು ಅಲ್ಲಿ ತಿಳಿಯುತ್ತದೆ. ಎಷ್ಟೋ ವೇಳೆ ಪತ್ರದ ನೋಂದಣಿ ಸಂಖ್ಯೆ, ತಾರೀಖುಗಳೂ ಸಿಗುತ್ತವೆ. ಅಲ್ಲಿಂದ ಉಪನೋಂದಣಿ ಕಚೇರಿಗೆ ದಾರಿ ನೇರ. ಸಂಖ್ಯೆ ಸಿಗದಿದ್ದರೆ ವರ್ಷವಾರು ಸೂಚಿಯನ್ನು ಹುಡುಕಿಸಬೇಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಸೀಮೆಯಲ್ಲಿ ಗಣಪತಿ, ನಾರಾಯಣ, ಸುಬ್ರಾಯರಿಗೆ ಕೊರತೆಯಿಲ್ಲ. ಆದುದರಿಂದ ಅರ್ಜಿಯಲ್ಲಿ ತಂದೆಯ ಹೆಸರು, ಗ್ರಾಮ, ಸುಮಾರಾದ ವರ್ಷ ಇವು ಇರಲೇಬೇಕು. ಜೊತೆಗೆ ಮರಣದ ದಾಖಲೆಯೂ ಬೇಕು. ಮೊಹರು ಮಾಡಿದ ಲಕೋಟೆಯಲ್ಲಿ ಪತ್ರವನ್ನು ಠೇವಣಿಯಿಟ್ಟಿದ್ದರೆ ಅದು ತಾಲೂಕಿನಲ್ಲಿರದು. ಜಿಲ್ಲಾ ನೋಂದಣಾಧಿಕಾರಿಯ ಐದನೆಯ ಪುಸ್ತಕದಲ್ಲಿ ಅದರ ಗುರುತನ್ನು ಕಾಣಬೇಕು.

ಅಮೆರಿಕದಲ್ಲಿಯಾದರೆ ಜನ ಇಂಥ ಪತ್ರಕ್ಕಾಗಿ ಕೌಂಟಿಯ ಪ್ರೊಬೇಟ್ ನ್ಯಾಯಾಲಯಕ್ಕೆ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ 1616ರಲ್ಲಿ ತೀರಿಕೊಂಡ ಶೇಕ್ಸ್‌ಪಿಯರನ ಮೃತ್ಯುಪತ್ರವು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದು ಬಂದಿರುವುದು, ಅಂದಿನ ಧರ್ಮನ್ಯಾಯಾಲಯ ಅದನ್ನು ಪ್ರಮಾಣೀಕರಿಸಿ ಇಟ್ಟುಕೊಂಡ ಕಾರಣದಿಂದ. ನಮ್ಮ ಸ್ಥಿತಿ ಬೇರೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಹಿಂದೂಗಳಿಗೆ ಪ್ರೊಬೇಟನ್ನು ಕಡ್ಡಾಯಗೊಳಿಸಿದ್ದು ಬಂಗಾಲದ ಸೀಮೆಗೆ, ಮುಂಬಯಿ ಮದ್ರಾಸು ನಗರಗಳಿಗೆ. ಮುಂಬಯಿ ಪ್ರಾಂತದಲ್ಲಿದ್ದಾಗಲೂ ಶಿರಸಿಗೆ ಆ ನಿರ್ಬಂಧವಿರಲಿಲ್ಲ. ಆದುದರಿಂದ ನಮ್ಮ ಹೆಚ್ಚಿನ ಮೃತ್ಯುಪತ್ರಗಳು ನ್ಯಾಯಾಲಯವನ್ನು ಕಂಡಿಲ್ಲ. ಪ್ರೊಬೇಟ್ ಪಡೆದ ಮೂಲಪತ್ರಗಳನ್ನು ಮಾತ್ರ ಕಾಯಿದೆಯಂತೆ ನ್ಯಾಯಾಲಯದಲ್ಲೇ ಜೋಪಾನವಾಗಿಡಬೇಕು. ಇನ್ನೊಂದು ಜಾಡೂ ಉಂಟು. ಪಾಲಿನ ವ್ಯಾಜ್ಯ ನಡೆದಿದ್ದರೆ ಮೃತ್ಯುಪತ್ರವು ಅದರಲ್ಲಿ ಸಾಕ್ಷ್ಯವಾಗಿ ಹಾಜರಾಗಿರುತ್ತದೆ. ಮೂಲವನ್ನು ಪಕ್ಷಗಾರರು ಹಿಂದಕ್ಕೆ ಪಡೆದಿದ್ದರೂ ತೀರ್ಪಿನಲ್ಲಿ ಅದರ ಸಾರಾಂಶ ಉಳಿಯುವುದುಂಟು. ವ್ಯಾಜ್ಯದಲ್ಲಿ ಪಕ್ಷಗಾರರಲ್ಲದವರು ತಮಗೇಕೆ ಬೇಕೆಂಬುದನ್ನು ಪ್ರಮಾಣಪತ್ರದಲ್ಲಿ ತಿಳಿಸಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು.

ನಕಲು ದೊರೆತೊಡನೆ ಎಲ್ಲವೂ ನಿರ್ಣಯವಾಯಿತೆಂದು ತಿಳಿಯಬಾರದು. ನೋಂದಣಿಯ ಮುದ್ರೆಯು ಸತ್ಯದ ಮುದ್ರೆಯಲ್ಲ. ವಿವಾದ ಬಂದರೆ, ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಬದುಕಿರುವ ಒಬ್ಬನಾದರೂ ಬಂದು ನುಡಿಯಬೇಕು. ಬರೆದವನು ಮನಸ್ಸು ಬದಲಿಸಿ ಆಮೇಲೆ ಬೇರೊಂದು ಪತ್ರ ಬರೆದಿದ್ದರೆ, ಅದು ನೋಂದಣಿಯಾಗದಿದ್ದರೂ, ಕೊನೆಯದೇ ಪ್ರಮಾಣ. ಇಷ್ಟಲ್ಲದೆ, ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ತನ್ನ ಪಾಲನ್ನು ಮೃತ್ಯುಪತ್ರದಿಂದ ಕೊಡುವ ಅಧಿಕಾರ ಹಿಂದೂವಿಗೆ ಬಂದದ್ದು 1956ರ ಉತ್ತರಾಧಿಕಾರ ಕಾಯಿದೆಯಿಂದ. ಅದು ಕೂಡ ಅವನ ಪಾಲಿಗೆ ಮಾತ್ರ; ಇಡೀ ತೋಟಕ್ಕಲ್ಲ. 2005ರ ತಿದ್ದುಪಡಿಯ ಅನಂತರ ಮಗಳೂ ಹುಟ್ಟಿನಿಂದ ಸಹಭಾಗಿ. “ಅಪ್ಪ ಎಲ್ಲವನ್ನೂ ಬರೆದುಕೊಟ್ಟಿದ್ದಾರೆ” ಎಂಬ ಮಾತನ್ನು ಕೇಳಿದವರು ಆ ‘ಎಲ್ಲ’ ಎಂಬ ಶಬ್ದವನ್ನು ಪತ್ರದಲ್ಲಿ ಕಣ್ಣಾರೆ ಕಂಡು ತೂಗಿ ನೋಡುವುದು ಲೇಸು.

ಕೆಲವೊಮ್ಮೆ ಕೈಗೆ ಬಂದ ನಕಲು ಆಸ್ತಿಯನ್ನು ತರುವುದಿಲ್ಲ. ಬದಲಾಗಿ, ವಿಧವೆ ಸೊಸೆಗೆ ವರ್ಷಾಶನ ಸಲ್ಲಬೇಕೆಂದೋ, ಮನೆಯ ಒಂದು ಕೋಣೆ ಅವಳ ಜೀವಿತಾವಧಿಗೆ ಅವಳದೆಂದೋ ಹಿರಿಯನೊಬ್ಬನು ಬರೆಸಿದ, ಯಾರೂ ನಡೆಸದ ಒಂದು ಮಾತನ್ನು ತರುತ್ತದೆ. ಅದನ್ನು ಓದುವ ಹಕ್ಕು, ಆ ಮಾತು ಯಾರನ್ನು ಕುರಿತದ್ದೋ ಅವರಿಗೆ ಎಲ್ಲರಿಗಿಂತ ಮೊದಲು ಸಲ್ಲಬೇಕು. ವರ್ಷವರ್ಷವೂ ಹಿರಿಯರ ಶ್ರಾದ್ಧವನ್ನು ತಪ್ಪದೆ ಮಾಡುವ ನಾವು, ಅವರು ಸಾಕ್ಷಿಗಳನ್ನು ಕೂರಿಸಿಕೊಂಡು ಬರೆಸಿದ್ದು ಏನೆಂಬುದನ್ನು ಒಮ್ಮೆ ತರಿಸಿ ಓದುವುದು ಅವರಿಗೆ ಮಾಡುವ ಅಪಚಾರವಾಗಲಾರದು.