ಅಂಗಳದ ಮಳೆಯನ್ನು ತೂಗಿದವರು

ನೀರು, ಚಿಪ್ಪು, ಹಿಮ, ಕಲ್ಲುಗಳಲ್ಲಿ ಅಡಗಿರುವ ಭಾರ-ಹಗುರದ ಲೆಕ್ಕ ಹಿಡಿದು ಭೂಮಿಯ ಕಥೆ ಓದುವ ಒಂದು ಕಸುಬಿನ ಪರಿಚಯ

1952ರ ಜೂನ್. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಮಳೆ ಹಿಡಿದಿತ್ತು. ವಿಲ್ಲಿ ಡಾನ್ಸ್‌ಗಾರ್ಡ್ ಎಂಬ ಯುವ ವಿಜ್ಞಾನಿ ಮನೆಯ ಹುಲ್ಲುಹಾಸಿನ ಮೇಲೆ ಖಾಲಿ ಬಿಯರ್ ಬಾಟಲಿ ಇಟ್ಟು, ಅದರ ಬಾಯಿಗೆ ಆಲಿಕೆ ಸಿಕ್ಕಿಸಿದರು. ಮಳೆ ಸುರಿದಂತೆಲ್ಲ ನೀರನ್ನು ಬೇರೆ ಬೇರೆಯಾಗಿ ಹಿಡಿದು ಪ್ರಯೋಗಾಲಯಕ್ಕೆ ಒಯ್ದರು. ಒಂದೇ ಮಳೆಯ ನೀರು ಒಂದೇ ಥರ ಇರಲಿಲ್ಲ. ಎತ್ತರದ ತಣ್ಣನೆಯ ಮೋಡದಿಂದ ಬಿದ್ದದ್ದು ಹಗುರ, ತಗ್ಗಿನ ಬೆಚ್ಚನೆಯ ಮೋಡದಿಂದ ಬಿದ್ದದ್ದು ಭಾರ.

ತೂರಿದ ಕಾಳಿನ ಹಾಗೆ

ನೀರಿನಲ್ಲಿ ಭಾರವೇನು, ಹಗುರವೇನು? ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಬಹುಪಾಲು ಆಮ್ಲಜನಕ-16; ಐನೂರಕ್ಕೆ ಒಂದರಂತೆ, ಎರಡು ನ್ಯೂಟ್ರಾನ್ ಹೆಚ್ಚಿರುವ ಆಮ್ಲಜನಕ-18 ಸಿಗುತ್ತದೆ. ಹೀಗೆ ಧಾತು ಒಂದೇ ಆಗಿ ತೂಕ ಮಾತ್ರ ಬೇರೆಯಾದ ಪರಮಾಣುಗಳೇ ಐಸೋಟೋಪುಗಳು; ನಮ್ಮ ಪಠ್ಯಪುಸ್ತಕಗಳು ಸಮಸ್ಥಾನಿ ಎನ್ನುತ್ತವೆ. ಕಾರ್ಬನ್-14 ವಿಕಿರಣ ಸೂಸುತ್ತ ಸವೆಯುತ್ತದೆ. ಆಮ್ಲಜನಕ-18 ಸವೆಯುವುದಿಲ್ಲ, ಅದಕ್ಕೇ ಅದು ‘ಸ್ಥಿರ’. ಬದಲಾಗುವುದು ಭಾರ-ಹಗುರಗಳ ಪ್ರಮಾಣ ಮಾತ್ರ.

ಕಣದಲ್ಲಿ ಭತ್ತ ತೂರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಟ್ಟಿಕಾಳು ಹತ್ತಿರ ಬೀಳುತ್ತದೆ, ಜಳ್ಳು ದೂರ ಹಾರುತ್ತದೆ. ಕಡಲಿನಿಂದ ಹಗುರ ನೀರು ಸುಲಭವಾಗಿ ಆವಿಯಾಗುತ್ತದೆ. ಮೋಡದಿಂದ ಭಾರದ ನೀರು ಮೊದಲು ಇಳಿಯುತ್ತದೆ. ಸುರಿಸುತ್ತ ಸುರಿಸುತ್ತ ಮೋಡ ಮುಂದೆ ಹೋದಂತೆ, ಉಳಿದ ನೀರು ಹಗುರವಾಗುತ್ತ ಹೋಗುತ್ತದೆ. ಈ ವ್ಯತ್ಯಾಸ ಎಷ್ಟು ಸಣ್ಣದೆಂದರೆ ನೂರಕ್ಕೆ ಇಷ್ಟು ಎಂದಲ್ಲ, ಸಾವಿರಕ್ಕೆ ಇಷ್ಟು ಎಂದು ಎಣಿಸುತ್ತಾರೆ. ಸಾಗರದ ನೀರೇ ಅಳತೆಗಲ್ಲು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವೇ ತಕ್ಕಡಿ.

ಚಿಪ್ಪು, ಹಿಮ, ಗುಹೆ

ಈ ತಕ್ಕಡಿಯಿಂದ ಹಳೆಯ ಕಡಲಿನ ಬಿಸುಪು ಅಳೆಯಬಹುದೆಂದು ಮೊದಲು ಕಂಡವರು ಹೆರಾಲ್ಡ್ ಯೂರಿ. ಭಾರದ ಜಲಜನಕವಾದ ಡ್ಯೂಟೀರಿಯಂ ಕಂಡುಹಿಡಿದು 1934ರಲ್ಲಿ ನೊಬೆಲ್ ಪಡೆದವರು. ನೀರು ತಣ್ಣಗಿದ್ದಷ್ಟೂ ಜೀವಿ ಕಟ್ಟಿಕೊಳ್ಳುವ ಚಿಪ್ಪಿನಲ್ಲಿ ಆಮ್ಲಜನಕ-18 ಹೆಚ್ಚು ಸೇರುತ್ತದೆ. 1951ರಲ್ಲಿ ಯೂರಿ ಮತ್ತು ಸಂಗಡಿಗರು ಜುರಾಸಿಕ್ ಕಾಲದ ಬೆಲೆಮ್ನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಯನ್ನು ಪದರ ಪದರವಾಗಿ ಕೆರೆದು ಪರೀಕ್ಷಿಸಿದರು. ಮೂರು ಬೇಸಿಗೆ, ನಾಲ್ಕು ಚಳಿಗಾಲಗಳ ಗುರುತು ಅದರಲ್ಲಿತ್ತು. ಸುಮಾರು ನಾಲ್ಕು ವರ್ಷ ಬದುಕಿ, ವಸಂತದಲ್ಲಿ ಸತ್ತ ಪ್ರಾಣಿ ಅದು. 14 ಕೋಟಿ ವರ್ಷಕ್ಕೂ ಹಿಂದಿನ ಜೀವವೊಂದರ ದಿನಚರಿ ಹೀಗೆ ನಮ್ಮ ಕೈಗೆ ಬಂತು.

ಡಾನ್ಸ್‌ಗಾರ್ಡ್ ತಮ್ಮ ಬಾಟಲಿಯ ಪಾಠವನ್ನು ಗ್ರೀನ್‌ಲ್ಯಾಂಡಿಗೆ ಒಯ್ದರು. ಚಳಿ ಹೆಚ್ಚಿದ್ದಾಗ ಬಿದ್ದ ಹಿಮ ಹಗುರ. ಹಾಗಾದರೆ ಪದರ ಪದರ ಕೂತ ಹಿಮ ಹಳೆಯ ಹವಾಮಾನದ ದಾಖಲೆಯೇ ಅಲ್ಲವೇ? 1966ರಲ್ಲಿ ಅಮೆರಿಕನ್ನರು ಅಲ್ಲಿನ ಕ್ಯಾಂಪ್ ಸೆಂಚುರಿ ಎಂಬ ನೆಲೆಯಲ್ಲಿ ತಳದ ನೆಲ ಮುಟ್ಟುವ ತನಕ, ಸುಮಾರು 1,390 ಮೀಟರ್, ಹಿಮ ಕೊರೆದು ತೆಗೆದರು. ಅದನ್ನು ತೂಗಿದ ಡಾನ್ಸ್‌ಗಾರ್ಡ್ ತಂಡ 1969ರಲ್ಲಿ ಸುಮಾರು ಒಂದು ಲಕ್ಷ ವರ್ಷದ ಹವಾಮಾನವನ್ನು ಲೋಕದ ಮುಂದಿಟ್ಟಿತು.

ನಮ್ಮ ದೇಶದ ಗುಹೆಯೊಂದು ಭೂಮಿಯ ಕಾಲಮಾನದಲ್ಲೇ ಹೆಸರು ಪಡೆದಿದೆ. ಮೇಘಾಲಯದ ಮಾಮ್ಲು ಗುಹೆಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣಕಂಬದ ಆಮ್ಲಜನಕ, ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಸೊರಗಿದ್ದನ್ನು ತೋರಿಸಿತು. ಅದನ್ನೇ ಗಡಿಗಲ್ಲು ಮಾಡಿಕೊಂಡು, ಅಲ್ಲಿಂದ ಇಂದಿನವರೆಗಿನ ಕಾಲವನ್ನು 2018ರಲ್ಲಿ ‘ಮೇಘಾಲಯನ್’ ಎಂದು ಕರೆದರು.

ಕೆರೆಯ ನೀರೋ, ಮಳೆಯ ನೀರೋ

ಇದು ದೂರದ ಕಾಲಕ್ಕಷ್ಟೇ ಸಲ್ಲುವ ವಿದ್ಯೆಯಲ್ಲ. ಬಯಲುಸೀಮೆಯ ಊರೂರಲ್ಲಿ ಒಂದು ಪ್ರಶ್ನೆ ಇದೆ: ಕೆರೆ ತುಂಬಿದರೆ ಬೋರ್‌ವೆಲ್‌ಗೆ ನೀರು ಬರುತ್ತದೆಯೇ? 1961ರಲ್ಲಿ ಹಾರ್ಮನ್ ಕ್ರೇಗ್ ಎಂಬ ವಿಜ್ಞಾನಿ, ಆಮ್ಲಜನಕ-ಜಲಜನಕಗಳ ಭಾರವನ್ನು ಜೊತೆಗಿಟ್ಟು ನೋಡಿದರೆ ಲೋಕದ ಮಳೆನೀರೆಲ್ಲ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂರುತ್ತದೆ ಎಂದು ತೋರಿಸಿದರು. ಬಿಸಿಲಿಗೆ ಮೈಯೊಡ್ಡಿದ ಕೆರೆಯ ನೀರು ಆವಿಯಾಗುತ್ತ ಆ ಗೆರೆಯಿಂದ ಜಾರುತ್ತದೆ. ಬಾವಿಯ ನೀರೂ ಹಾಗೆಯೇ ಜಾರಿದ್ದರೆ ಕೆರೆ ಅಲ್ಲಿಗೆ ಇಂಗುತ್ತಿದೆ ಎನ್ನಲು ಅದು ಬಲವಾದ ಸಾಕ್ಷಿ.

ಮುಂಗಾರು, ಹಿಂಗಾರುಗಳ ಗುರುತೂ ಬೇರೆ. ದಕ್ಷಿಣ ಭಾರತದಲ್ಲಿ ಹಿಂಗಾರಿನ ಮಳೆ ಸಾಮಾನ್ಯವಾಗಿ ಮುಂಗಾರಿಗಿಂತ ಹಗುರ. ಬಂಗಾಳಕೊಲ್ಲಿಗೆ ನದಿಗಳು ತಂದು ಸುರಿಯುವ ಹಗುರ ನೀರು, ಚಂಡಮಾರುತಗಳ ಜಡಿಮಳೆ ಎರಡೂ ಇದಕ್ಕೆ ಕಾರಣ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ತೂಗುವ ಕೆಲಸ ನಡೆದಿದೆ.

ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಈ ಕಸುಬಿನ ಬುಡ ಇರುವುದು ನೀರು ಹಿಡಿಯುವವರ ಶ್ರದ್ಧೆಯಲ್ಲಿ. ಮುಚ್ಚಳ ಸಡಿಲವಾದರೆ ಹಗುರ ನೀರು ಹಾರಿಹೋಗಿ ಲೆಕ್ಕ ಕೆಡುತ್ತದೆ. ಅದಕ್ಕೇ ಬಾಟಲಿಯೊಳಗೆ ಪ್ಯಾರಾಫಿನ್ ಎಣ್ಣೆಯ ತೆಳು ಪದರ ಬಿಡುವುದುಂಟು. ಹಿಡಿಯದೆ ಬಿಟ್ಟ ಮಳೆಯನ್ನು ಯಾವ ಯಂತ್ರವೂ ಮರಳಿ ತಾರದು.

ಮಲೆನಾಡಿನ ಕಾಫಿ, ಅಡಿಕೆ ತೋಟದ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಇದೆ. ಎಷ್ಟು ಸುರಿಯಿತು ಎಂಬುದು ಆ ಪುಸ್ತಕಗಳಲ್ಲಿ ಭದ್ರವಾಗಿದೆ. ಅಳೆದು ಅಂಗಳಕ್ಕೆ ಚೆಲ್ಲುವ ಆ ನೀರಿನಲ್ಲಿ ಎಲ್ಲಿಂದ ಬಂತು, ಹೇಗೆ ಬಂತು ಎಂಬುದೂ ಇದೆ. ತಿಂಗಳಿಗೊಂದು ಬಾಟಲಿ, ಬಿಗಿ ಮುಚ್ಚಳ, ತಾರೀಖು ಬರೆದ ಒಂದು ಚೀಟಿ: ಅಷ್ಟಾದರೆ ಅದೂ ಉಳಿಯುತ್ತದೆ.