ತನಗೇ ಗೊತ್ತಿಲ್ಲದ ಮುಸ್ಲಿಮ

1926ರ ಚಳಿಗಾಲ. ಅಫ್ಘಾನಿಸ್ತಾನದ ಹಿಮ ಮುಚ್ಚಿದ ದಾರಿಯಲ್ಲಿ ಕುದುರೆಯೊಂದರ ಲಾಳ ಕಳಚಿಬಿತ್ತು. ಹೊಸ ಲಾಳ ಹೊಡೆಸಲು ದೇಹ್‌ಝಂಗಿ ಎಂಬ ಹಳ್ಳಿಗೆ ಬಂದ ಯುರೋಪಿನ ಪತ್ರಕರ್ತರನ್ನು ಆ ಸೀಮೆಯ ಹಾಕಿಮರು, ಅಂದರೆ ಆಡಳಿತಾಧಿಕಾರಿ, ತಮ್ಮಲ್ಲೇ ಉಳಿಸಿಕೊಂಡು ಉಪಚರಿಸಿದರು. ಊಟದ ಹೊತ್ತಿಗೆ ಹಳ್ಳಿಯ ಹಾಡುಗಾರನೊಬ್ಬ ತಂತಿವಾದ್ಯ ಮೀಟುತ್ತ ದಾವೂದ್ ಮತ್ತು ಗೋಲಿಯಾತನ ಕತೆ ಹಾಡಿದ. ದಾವೂದ್ ಚಿಕ್ಕವನಾದರೂ ಅವನ ನಂಬಿಕೆ ದೊಡ್ಡದು ಎಂದರು ಹಾಕಿಮರು. ಪತ್ರಕರ್ತರಿಗೆ ತಡೆಯಲಾಗಲಿಲ್ಲ. ನೀವು ಬಹಳ ಜನ ಇದ್ದೀರಿ, ನಿಮ್ಮ ನಂಬಿಕೆ ಚಿಕ್ಕದಾಗಿಹೋಗಿದೆ ಎಂದುಬಿಟ್ಟರು. ಅಂಥ ಚೆಲುವಾದ ದಾರಿ ಕೈಯಲ್ಲಿದ್ದೂ ಹೇಗೆ ಕಳೆದುಕೊಂಡಿರಿ ಎಂದು ಕೇಳುತ್ತಾ ಹೋದರು. ಎಲ್ಲವನ್ನೂ ಕೇಳಿಸಿಕೊಂಡ ಹಾಕಿಮರು ಮೆಲುದನಿಯಲ್ಲಿ, ನೀವು ಮುಸ್ಲಿಮರೇ, ನಿಮಗೆ ಅದು ಗೊತ್ತಿಲ್ಲ ಅಷ್ಟೆ ಎಂದರು.

ಆ ಪತ್ರಕರ್ತರ ಹೆಸರು ಲಿಯೋಪೋಲ್ಡ್ ವೈಸ್. ಮುಂದೆ ಜಗತ್ತು ಅವರನ್ನು ಮುಹಮ್ಮದ್ ಅಸದ್ ಎಂದು ಅರಿತಿತು. ಹಾಕಿಮರ ಆ ಮಾತಿನ ಪೂರ್ತಿ ಅರ್ಥ ಕಂಡುಕೊಳ್ಳಲು ಅವರಿಗೆ ಒಂದು ಆಯುಷ್ಯವೇ ಬೇಕಾಯಿತು ಎಂದು ನನಗೆ ಅನಿಸುತ್ತದೆ.

ಅವರು ಹುಟ್ಟಿದ್ದು 1900ರಲ್ಲಿ, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲೆಂಬರ್ಗ್ ನಗರದ ಯಹೂದಿ ಕುಟುಂಬದಲ್ಲಿ. ಅದು ಈಗಿನ ಉಕ್ರೇನಿನ ಲ್ವಿವ್. ತಾತ ಯಹೂದಿ ಧರ್ಮಗುರು. ಹಾಗಾಗಿ ಹೀಬ್ರೂ, ಅರಮಾಯಿಕ್ ಎಳವೆಯಲ್ಲೇ ಬಂದವು. ಭಾಷೆ ಉಳಿಯಿತು, ಹಿರಿಯರ ಶ್ರದ್ಧೆ ಉಳಿಯಲಿಲ್ಲ. ಓದು ಅರ್ಧಕ್ಕೆ ಬಿಟ್ಟು ಬರ್ಲಿನ್ನಿನಲ್ಲಿ ಸುದ್ದಿಗಾರರಾದರು. 1922ರಲ್ಲಿ ಸೋದರಮಾವ ಕರೆದರೆಂದು ಜೆರುಸಲೇಮಿಗೆ ಹೊರಟರು.

ಸಿನಾಯ್ ಮರಳುಗಾಡಿನ ರೈಲಿನಲ್ಲಿ ಎದುರಿಗೆ ಕೂತಿದ್ದ ಬೆದೂಯಿನ್ ಒಬ್ಬ ಸಣ್ಣ ನಿಲ್ದಾಣದಲ್ಲಿ ರೊಟ್ಟಿ ಕೊಂಡ. ತಿನ್ನಲು ಹೊರಟವನು ಈ ಅಪರಿಚಿತನನ್ನು ನೋಡಿ ರೊಟ್ಟಿ ಮುರಿದು ಅರ್ಧ ಚಾಚಿದ. ವೈಸ್ ಹಿಂಜರಿದಾಗ ಅವನ ಮಾತನ್ನು ಪಕ್ಕದವರು ತಿಳಿಸಿಕೊಟ್ಟರು: ಇಬ್ಬರೂ ದಾರಿಹೋಕರು, ಇಬ್ಬರದೂ ಒಂದೇ ದಾರಿ. ಅರಬರ ಮೇಲೆ ತನಗೆ ಹುಟ್ಟಿದ ಪ್ರೀತಿಯ ಮೂಲ ಈ ಅರ್ಧ ರೊಟ್ಟಿಯಲ್ಲಿತ್ತೇನೋ ಎಂದು ಅವರು ಆಮೇಲೆ ನೆನೆದರು.

ಜೆರುಸಲೇಮಿನಲ್ಲಿ ಮಾವನ ಮನೆಯ ಅಂಗಳದಲ್ಲಿ ಹಾಜಿಯೊಬ್ಬರು ಕೆಲವರನ್ನು ಹಿಂದೆ ನಿಲ್ಲಿಸಿಕೊಂಡು ನಮಾಜು ಮಾಡುತ್ತಿದ್ದರು. ಈ ಬಗ್ಗುವುದು, ಏಳುವುದು ದೇವರಿಗೆ ನಿಜಕ್ಕೂ ಬೇಕೇ, ಮನಸ್ಸಿನಲ್ಲಿ ಪ್ರಾರ್ಥಿಸಿದರೆ ಸಾಲದೇ ಎಂದು ವೈಸ್ ಕೇಳಿದರು. ಹಾಜಿ ಕೋಪಿಸಿಕೊಳ್ಳಲಿಲ್ಲ. ದೇಹ, ಆತ್ಮ ಎರಡನ್ನೂ ಅವನೇ ಕೊಟ್ಟಿರುವಾಗ ಎರಡರಿಂದಲೂ ಪ್ರಾರ್ಥಿಸುವುದು ಸಹಜವಲ್ಲವೇ ಎಂದು ತಿರುಗಿ ಕೇಳಿದರು. ಇಸ್ಲಾಮಿನ ಬಾಗಿಲು ತನಗೆ ಮೊದಲು ತೆರೆದದ್ದು ಅಲ್ಲಿ ಎಂದು ಅಸದ್ ಬರೆದಿದ್ದಾರೆ.

ಅಫ್ಘಾನಿಸ್ತಾನದ ಆ ಚಳಿಗಾಲ ಕಳೆದು 1926ರ ಸೆಪ್ಟೆಂಬರ್. ಬರ್ಲಿನ್ನಿನ ನೆಲದಡಿಯ ರೈಲಿನಲ್ಲಿ ಹೆಂಡತಿ ಎಲ್ಸಾ ಜೊತೆ ಹೋಗುತ್ತಿದ್ದಾಗ ಸುತ್ತ ಕೂತವರ ಮುಖಗಳನ್ನು ಗಮನಿಸಿದರು. ಒಳ್ಳೆಯ ಬಟ್ಟೆ, ತುಂಬಿದ ಮೈ, ಬೆರಳಲ್ಲಿ ವಜ್ರದುಂಗುರ. ಮುಖದಲ್ಲಿ ಮಾತ್ರ ಹೇಳಿಕೊಳ್ಳಲಾಗದ ಸಂಕಟ. ಚಿತ್ರಕಲಾವಿದೆಯಾಗಿದ್ದ ಎಲ್ಸಾಗೂ ಅದೇ ಕಂಡಿತು. ಮನೆಗೆ ಬಂದರೆ ಮೇಜಿನ ಮೇಲೆ ಓದುತ್ತಿದ್ದ ಕುರ್‌ಆನ್ ತೆರೆದೇ ಇತ್ತು. ಎತ್ತಿಡಲು ಹೋದಾಗ ಕಣ್ಣು ಬಿದ್ದದ್ದು 102ನೆಯ ಅಧ್ಯಾಯದ ಮೇಲೆ. ಇನ್ನಷ್ಟು ಬೇಕು, ಮತ್ತಷ್ಟು ಬೇಕು ಎಂಬ ಹಪಾಹಪಿ ಮನುಷ್ಯನನ್ನು ಗೋರಿ ಸೇರುವವರೆಗೂ ಬಿಡುವುದಿಲ್ಲ ಎಂಬುದು ಅದರ ತಿರುಳು. ಆಗ ತಾನೇ ರೈಲಿನಲ್ಲಿ ಕಂಡದ್ದು ಹದಿಮೂರು ಶತಮಾನಗಳ ಹಿಂದಿನ ಪುಟದಲ್ಲಿತ್ತು. ಕುರ್‌ಆನಿನ ಬಗ್ಗೆ ಉಳಿದಿದ್ದ ಅಳುಕು ಹೋಯಿತು.

ಆಗ ಬರ್ಲಿನ್ನಿನ ಪುಟ್ಟ ಮುಸ್ಲಿಂ ಸಮುದಾಯದ ಮುಖ್ಯಸ್ಥರಾಗಿದ್ದವರು ಒಬ್ಬ ಭಾರತೀಯರು. ವೈಸ್ ಅವರ ಗೆಳೆಯರು. ಅವರ ಕೈಯಲ್ಲಿ ಕೈಯಿಟ್ಟು ಇಬ್ಬರು ಸಾಕ್ಷಿಗಳ ಮುಂದೆ ಕಲಿಮಾ, ಅಂದರೆ ಇಸ್ಲಾಮಿನ ನಂಬಿಕೆ ಸಾರುವ ಮಾತು, ಹೇಳಿದರು. ಲಿಯೋ ಎಂದರೆ ಸಿಂಹ, ಅರಬಿಯಲ್ಲಿ ಅಸದ್. ಹೆಸರು ಹಾಗೆ ಬಂತು. ಕೆಲವು ವಾರಗಳಲ್ಲಿ ಎಲ್ಸಾ ಕೂಡ ಜೊತೆಯಾದರು.

ಮತಾಂತರದ ಕತೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಬದುಕು ಇಲ್ಲಿಂದ ಶುರುವಾಗುತ್ತದೆ. ಅಸದ್ ತಂದೆಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಅಪ್ಪನ ಪಾಲಿಗೆ ನೀನು ಸತ್ತಿದ್ದೀಯ ಎಂದು ಕೆಲವು ತಿಂಗಳ ಮೇಲೆ ತಂಗಿ ಬರೆದಳು. 1927ರಲ್ಲಿ ಹಜ್‌ಗೆ ಹೋದಾಗ ಎಲ್ಸಾ ಕಾಯಿಲೆ ಬಿದ್ದು ಮಕ್ಕಾದಲ್ಲೇ ತೀರಿಕೊಂಡರು. ಹೊಸ ಧರ್ಮದಲ್ಲಿ ವರ್ಷ ತುಂಬುವ ಮೊದಲೇ ಹಳೆಯ ಮನೆಯೂ ಇಲ್ಲ, ಹೊಸ ಮನೆಯೂ ಇಲ್ಲ. ಇಂಥ ಹೊತ್ತಿನಲ್ಲಿ ಹಿಡಿದುಕೊಳ್ಳಲು ಏನು ಸಿಗುತ್ತದೋ ಅದೇ ಒಬ್ಬನ ನಿಜವಾದ ನಂಬಿಕೆ.

ಅಸದ್ ಹಿಡಿದುಕೊಂಡದ್ದು ಭಾಷೆಯನ್ನು. ಸುಮಾರು ಆರು ವರ್ಷ ಅರೇಬಿಯಾದಲ್ಲಿ ನೆಲೆಸಿ, ಒಂಟೆಯ ಮೇಲೆ ತಿರುಗಿ, ಬೆದೂಯಿನರ ಗುಡಾರಗಳಲ್ಲಿ ಮಲಗಿದರು. ಕುರ್‌ಆನಿನ ಮಾತಿನ ಕಸುವು ಪದಕೋಶದಿಂದಷ್ಟೇ ದಕ್ಕುವುದಿಲ್ಲ, ಆ ನುಡಿಗೆ ಹತ್ತಿರದ ಮಾತು ಮರಳುಗಾಡಿನ ಜನರ ಬಾಯಲ್ಲಿ ಇನ್ನೂ ಉಸಿರಾಡುತ್ತಿದೆ ಎಂಬುದು ಅವರ ಅಲ್ಲಿನ ಶೋಧ.

1932ರಲ್ಲಿ ಭಾರತಕ್ಕೆ ಬಂದರು. ಇನ್ನೂ ಪೂರ್ವಕ್ಕೆ ಹೊರಟಿದ್ದವರನ್ನು ಕವಿ ಇಕ್ಬಾಲ್ ಇಲ್ಲೇ ನಿಲ್ಲಿಸಿಕೊಂಡರು. 1935ರಲ್ಲಿ ತಂದೆಯ ಮುನಿಸು ಕರಗಿ ಪತ್ರಗಳು ಮತ್ತೆ ಬರತೊಡಗಿದವು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಅವರನ್ನು ಶತ್ರುದೇಶದ ಪ್ರಜೆ ಎಂದು 1945ರವರೆಗೆ ಸೆರೆಯಲ್ಲಿಟ್ಟಿತು. ಅತ್ತ ನಾಜಿಗಳಿಗೆ ಅವರ ತಂದೆ, ತಂಗಿ ಯಹೂದಿಗಳು. 1942ರಲ್ಲಿ ಅವರನ್ನು ವಿಯೆನ್ನಾದಿಂದ ಸಾಗಿಸಲಾಯಿತು, ಹಿಂದಿರುಗಲಿಲ್ಲ. ಒಬ್ಬರ ಕಣ್ಣಿಗೆ ಆಸ್ಟ್ರಿಯನ್, ಇನ್ನೊಬ್ಬರ ಕಣ್ಣಿಗೆ ಯಹೂದಿ. ತಾನು ಯಾರೆಂದು ಬೇರೆಯವರು ತೀರ್ಮಾನಿಸುವ ಕ್ರೌರ್ಯವನ್ನು ಆ ಕುಟುಂಬ ಎರಡೂ ಕಡೆ ಉಂಡಿತು. 1947ರ ವಿಭಜನೆಯ ಗಲಭೆಯಲ್ಲಿ ಅವರು ವರ್ಷಗಟ್ಟಲೆ ದುಡಿದಿದ್ದ, ಪ್ರವಾದಿಯ ನಡೆನುಡಿಗಳ ಸಂಗ್ರಹವಾದ ಸಹೀಹ್ ಬುಖಾರಿಯ ಅನುವಾದದ ಹಸ್ತಪ್ರತಿಯೂ ಹೋಯಿತು. ಅದರ ಹಾಳೆಗಳು ರಾವಿ ನದಿಯಲ್ಲಿ ತೇಲಿಹೋಗುವುದನ್ನು ಅವರು ಕಣ್ಣಾರೆ ಕಂಡರು.

ಆದರೂ ಪದಗಳನ್ನು ಬಿಡಲಿಲ್ಲ. 1954ರಲ್ಲಿ ತಮ್ಮ ಪಯಣದ ಕತೆ ‘ದಿ ರೋಡ್ ಟು ಮೆಕ್ಕಾ’ ಬರೆದರು. 1980ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ‘ದಿ ಮೆಸೇಜ್ ಆಫ್ ದಿ ಕುರ್‌ಆನ್’ ಎಂಬ ಇಂಗ್ಲಿಷ್ ಅನುವಾದವನ್ನು ಪೂರ್ತಿಯಾಗಿ ಹೊರತಂದರು. ಅದರಲ್ಲಿ ‘ತಕ್ವಾ’ ಎಂಬ ಪದದ ಮುಂದೆ ಅವರು ನಿಂತ ರೀತಿ ನೋಡಬೇಕು. ಬಹಳ ಅನುವಾದಕರು ಅದನ್ನು ದೇವಭಯ ಎಂದಿದ್ದರು. ನಮ್ಮ ಬಾಯಿಗೂ ಮೊದಲು ಬರುವುದು ಭಯಭಕ್ತಿಯೇ. ಭಯ ಎಂದರೆ ಪದದ ತುಂಬು ಅರ್ಥ ಬಾರದು ಎಂದರು ಅಸದ್. ದೇವರು ಎಲ್ಲೆಲ್ಲೂ ಇದ್ದಾನೆಂಬ ಎಚ್ಚರ, ಆ ಎಚ್ಚರಕ್ಕೆ ತಕ್ಕಂತೆ ಬದುಕನ್ನು ರೂಪಿಸಿಕೊಳ್ಳುವ ಹಂಬಲ, ಎರಡೂ ಅದರಲ್ಲಿವೆ. ಕನ್ನಡದಲ್ಲಿ ನಾನು ಅದನ್ನು ದೇವರ ಅರಿವು ಎಂದು ಓದಿಕೊಳ್ಳುತ್ತೇನೆ. ವಚನಕಾರರು ಜೀವ ತುಂಬಿದ ಆ ‘ಅರಿವು’ ಈ ಅರಬಿ ಪದದ ಪಕ್ಕದಲ್ಲಿ ಪರಕೀಯವಾಗಿ ಕಾಣುವುದಿಲ್ಲ.

‘ಮುಸ್ಲಿಂ’ ಎಂಬ ಪದವನ್ನೂ ಅವರು ಅದೇ ಶ್ರದ್ಧೆಯಿಂದ ಬಿಡಿಸಿದರು. ಆ ಪದವನ್ನು ಮೊದಲು ಕೇಳಿಸಿಕೊಂಡವರಿಗೆ ಅದು ಒಂದು ಸಮುದಾಯದ ಹೆಸರಾಗಿರಲಿಲ್ಲ, ತನ್ನನ್ನು ದೇವರಿಗೆ ಒಪ್ಪಿಸಿಕೊಂಡ ಯಾರೇ ಆಗಲಿ ಮುಸ್ಲಿಂ ಎಂಬ ವಿವರಣೆ ಕೊಟ್ಟರು. ಕುರ್‌ಆನ್ ಇಬ್ರಾಹೀಮರನ್ನೂ ಯೇಸುವಿನ ಶಿಷ್ಯರನ್ನೂ ಈ ಹೆಸರಿನಿಂದಲೇ ಕರೆಯುತ್ತದೆ.

ಈ ವಿವರಣೆ ಓದಿದಾಗಲೆಲ್ಲ ನನ್ನ ಮನಸ್ಸು ದೇಹ್‌ಝಂಗಿಗೆ ಹೋಗುತ್ತದೆ. ಲಾಳ ಹೊಡೆಸಲು ಬಂದ ಇಪ್ಪತ್ತೈದರ ಪತ್ರಕರ್ತರಿಗೆ ಹಾಕಿಮರು ಅಂದು ಹೇಳಿದ್ದು ಬರಿಯ ಸೌಜನ್ಯದ ಮಾತಲ್ಲ, ಪದದ ಮೂಲ ಅರ್ಥವೇ ಆಗಿತ್ತು. ಅದನ್ನು ತಮ್ಮ ಕೈಯಾರೆ ಬರೆದು ತೋರಿಸಲು ಅಸದ್ ಐವತ್ತಕ್ಕೂ ಹೆಚ್ಚು ವರ್ಷ ನಡೆದರು.